ಟೀ ಫ್ರಾಂಚೈಸಿಗೆ 12 ಲಕ್ಷ ಹಾಕಿದರೆ ವರ್ಷದಲ್ಲಿ ಅಸಲು ಬರುತ್ತಾ?

ನೀವು ಕೇಳಿರುವುದು ಇಷ್ಟು: ಹಾಸನದಲ್ಲಿ ಟೀ ಅಂಗಡಿಯ ಫ್ರಾಂಚೈಸಿ, ಒಟ್ಟು 12 ಲಕ್ಷ, ಅದರಲ್ಲಿ 8 ಲಕ್ಷ ಬ್ಯಾಂಕ್ ಸಾಲ. ದಿನಕ್ಕೆ 500 ಕಪ್ ಹೋಗುತ್ತದೆ, ವರ್ಷದೊಳಗೆ ಅಸಲು ವಾಪಸ್ ಎಂದು ಕಂಪನಿಯವರು ಅನ್ನುತ್ತಿದ್ದಾರೆ, ನಂಬಬಹುದಾ? ಅವರ 500 ಕಪ್ಪನ್ನೇ ಒಪ್ಪಿಕೊಂಡು ಲೆಕ್ಕ ಹಾಕಿದರೂ ಅಸಲು ಬರುವುದಿಲ್ಲ.

ಕಪ್ಪಿಗೆ 20 ರೂಪಾಯಿಯಂತೆ ತಿಂಗಳಿಗೆ 3 ಲಕ್ಷ ವ್ಯಾಪಾರ. ರಾಯಲ್ಟಿ (ಕಂಪನಿಯ ಹೆಸರು ಬಳಸುವುದಕ್ಕೆ ವ್ಯಾಪಾರದಲ್ಲಿ ಕೊಡುವ ಪಾಲು) 5%, ಜಾಹೀರಾತು ನಿಧಿ 2% ಅಂದುಕೊಳ್ಳಿ: 21,000. ಅದರ ಮೇಲೆ 18% ಜಿಎಸ್‌ಟಿ ಸೇರಿ 24,780. ಟೀ ಅಂಗಡಿಯವರು 5% ಜಿಎಸ್‌ಟಿ ದರದಲ್ಲಿರುವುದರಿಂದ ಈ 18%ಕ್ಕೆ ಇನ್‌ಪುಟ್ ಕ್ರೆಡಿಟ್ (ಕಟ್ಟಿದ ತೆರಿಗೆಯನ್ನು ನಿಮ್ಮ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಸಿಗದು, ಅದು ಪೂರ್ತಿ ನಿಮ್ಮ ಖರ್ಚು. ಹಾಲು, ಪುಡಿ, ಕಪ್ಪಿಗೆ 40% ಹಿಡಿದರೆ 1,20,000. ಬಾಡಿಗೆ 35,000, ನಾಲ್ವರ ಸಂಬಳ 60,000, ಕರೆಂಟು ಮತ್ತು ಗ್ಯಾಸ್ 20,000. 8 ಲಕ್ಷಕ್ಕೆ 12% ಬಡ್ಡಿ, ಐದು ವರ್ಷ ಅಂದರೆ ಕಂತು ಸುಮಾರು 17,800. ಉಳಿಯುವುದು 22,400. ವರ್ಷಕ್ಕೆ 2.7 ಲಕ್ಷ ಆಯಿತು, ಅದರಲ್ಲಿ ನೀವು ದುಡಿದ ಕೂಲಿಯೂ ಸೇರಿದೆ.

ಈಗ 500ರ ಬದಲು 400 ಕಪ್ ಹಾಕಿ ನೋಡಿ. ತಿಂಗಳಿಗೆ 8,600 ರೂಪಾಯಿ ಕೈಯಿಂದ ಹೋಗುತ್ತದೆ. ಬಾಡಿಗೆ, ಸಂಬಳ, ಕಂತು ಯಾವುದೂ ವ್ಯಾಪಾರದ ಜೊತೆ ಇಳಿಯುವುದಿಲ್ಲ. ಆ ತಿಂಗಳೂ ಕಂಪನಿಗೆ ರಾಯಲ್ಟಿ ಸಂದಾಯವಾಗುತ್ತದೆ, ಯಾಕೆಂದರೆ ಅದು ಲಾಭದ ಮೇಲಲ್ಲ, ವ್ಯಾಪಾರದ ಮೇಲೆ. ಫ್ರಾಂಚೈಸಿಯ ಮೂಲ ಅಪಾಯ ಇದೇ: ನಷ್ಟ ನಿಮ್ಮೊಬ್ಬರದ್ದು. ಬಾಡಿಗೆ, ಸಂಬಳ ನಾನು ಹಾಕಿದ ಅಂದಾಜು, ನಿಮ್ಮ ಅಂಕಿಗಳನ್ನು ಹಾಕಿ ಮತ್ತೆ ಕೂಡಿಸಿ.

12 ಲಕ್ಷದಲ್ಲಿ ಏನೇನು ಸೇರಿಲ್ಲ ಎಂದು ಬರಹದಲ್ಲಿ ಕೇಳಿ. ಫ್ರಾಂಚೈಸಿ ಶುಲ್ಕದ ಮೇಲಿನ ಜಿಎಸ್‌ಟಿ, ಅಂಗಡಿಯ ಅಡ್ವಾನ್ಸ್, ಮೊದಲ ಆರು ತಿಂಗಳು ಅಂಗಡಿ ನಡೆಸಲು ಬೇಕಾದ ಹಣ ಸಾಮಾನ್ಯವಾಗಿ ಹೊರಗಿರುತ್ತವೆ. ಶುಲ್ಕ ವಾಪಸ್ ಬರುವುದಿಲ್ಲ. ಒಳಾಂಗಣಕ್ಕೆ ಸುರಿದದ್ದು ಗೋಡೆಗೇ ಅಂಟಿಕೊಂಡಿರುತ್ತದೆ. ಅಂಗಡಿ ಮುಚ್ಚಿದರೆ ಫ್ರಿಜ್ಜು, ಮೆಷಿನ್ನಿಗೆ ಮಾತ್ರ ಒಂದಿಷ್ಟು ಬೆಲೆ ಬಂದೀತು.

ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಅಮೆರಿಕದಲ್ಲಿ ಸಹಿಗೆ 14 ದಿನ ಮೊದಲೇ ವಿವರಗಳ ದಾಖಲೆ ಕೊಡಬೇಕು, ಇಲ್ಲಿ ಅಂಥ ಕಡ್ಡಾಯವಿಲ್ಲ, ಹಾಗಾಗಿ ನೀವೇ ಹುಡುಕಬೇಕು. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ 100 ರೂಪಾಯಿ ಕಟ್ಟಿದರೆ ಆ ಕಂಪನಿ ಸಲ್ಲಿಸಿರುವ ಲೆಕ್ಕಪತ್ರ ಸಿಗುತ್ತದೆ. ಆದಾಯದಲ್ಲಿ ರಾಯಲ್ಟಿಗಿಂತ ಹೊಸ ಫ್ರಾಂಚೈಸಿ ಶುಲ್ಕವೇ ಹೆಚ್ಚಿದ್ದರೆ ಆ ಕಂಪನಿ ಬದುಕುತ್ತಿರುವುದು ಟೀ ಮಾರಿ ಅಲ್ಲ, ಅಂಗಡಿ ಮಾರಿ. ಟ್ರೇಡ್‌ಮಾರ್ಕ್ ನೋಂದಣಿ ಆಗಿದೆಯೋ, ಬರೀ ಅರ್ಜಿಯೋ ಎಂಬುದನ್ನು 43ನೇ ವರ್ಗದಲ್ಲಿ (ಹೋಟೆಲ್, ತಿಂಡಿ-ಪಾನೀಯ ಸೇವೆಗಳ ವರ್ಗ) ಹುಡುಕಿ. ಅವರು ಪರಿಚಯಿಸುವ ಮಾಲೀಕರನ್ನು ಬಿಡಿ. ಗೂಗಲ್ ಮ್ಯಾಪಿನಲ್ಲಿ 'ಶಾಶ್ವತವಾಗಿ ಮುಚ್ಚಿದೆ' ಎಂದು ಬರುವ ಅವರದೇ ಅಂಗಡಿಗಳನ್ನು ಎಣಿಸಿ, ಪಕ್ಕದ ಅಂಗಡಿಯವರನ್ನು ವಿಚಾರಿಸಿ.

ಕರಾರಿನಲ್ಲಿ ನಾನು ಮೊದಲು ಓದುವುದು ಖರೀದಿಯ ಷರತ್ತು. ಪುಡಿ, ಕಪ್ಪು ಎಲ್ಲ ಅವರಿಂದಲೇ, ದರವೂ ಅವರದೇ ಎಂದಿದ್ದರೆ ಮೇಲಿನ 40% ಯಾವಾಗ ಬೇಕಾದರೂ 45% ಆಗಬಹುದು. ಆಗ 500 ಕಪ್ ಮಾರಿಯೂ ಉಳಿಯುವುದು 7,400. ದರ ಏರಿಕೆಗೆ ಮಿತಿ ಬರೆಸಿ. ಮಧ್ಯಸ್ಥಿಕೆಯ (ಕೋರ್ಟಿನ ಹೊರಗೆ ತಕರಾರು ತೀರ್ಮಾನಿಸುವ) ಸ್ಥಳ ದೆಹಲಿ ಎಂದಿದ್ದರೆ ಎರಡು ಲಕ್ಷದ ತಕರಾರಿಗೆ ಹಾಸನದಿಂದ ಅಲ್ಲಿಯವರೆಗೆ ಅಲೆಯಬೇಕು, ಬೆಂಗಳೂರು ಎಂದು ಬದಲಿಸಲು ಹೇಳಿ. ಫ್ರಾಂಚೈಸಿ ಐದು ವರ್ಷಕ್ಕೆ, ಬಾಡಿಗೆ ಕರಾರು 11 ತಿಂಗಳಿಗೆ ಇದ್ದರೆ ಕಟ್ಟಡದ ಮಾಲೀಕ ಏಳಿ ಅಂದ ದಿನ ಒಳಾಂಗಣದ ದುಡ್ಡು ಹೋಯಿತು. ಬಾಡಿಗೆಯನ್ನೂ ಐದು ವರ್ಷಕ್ಕೆ ನೋಂದಣಿ ಮಾಡಿಸಿ, ಆದರೆ ಲಾಕ್-ಇನ್ (ಅಂಗಡಿ ಬಿಟ್ಟು ಹೋಗುವಂತಿಲ್ಲದ ಅವಧಿ) ನಿಮ್ಮ ಕಡೆಗೆ ಒಂದು ವರ್ಷಕ್ಕಿಂತ ಹೆಚ್ಚಿರದಂತೆ ನೋಡಿಕೊಳ್ಳಿ.

ಟೋಕನ್ ಕಟ್ಟಿ ಜಾಗ ಕಾಯ್ದಿರಿಸಿ ಎಂದು ಒತ್ತಾಯಿಸಿದರೆ ಕಟ್ಟಬೇಡಿ. ಅಮುಲ್‌ನಂಥ ದೊಡ್ಡ ಹೆಸರಲ್ಲೇ ನಕಲಿ ಜಾಲತಾಣಗಳು ಹಣ ಎತ್ತಿವೆ. ಕರಾರಿನ ಕರಡು ಕೈಗೆ ಬಂದು, ವಕೀಲರು ಓದಿದ ಮೇಲೆ, ಕಂಪನಿಯ ಹೆಸರಿನ ಖಾತೆಗೆ ಮಾತ್ರ ಹಣ ಹಾಕಿ.