ಎಥನಾಲನ್ನೇ ಪೆಟ್ರೋಲ್ ಮಾಡಬಾರದೇ?

ಪ್ರಶ್ನೆ: ಪೆಟ್ರೋಲಿಗೆ 20% ಎಥನಾಲ್ ಬೆರೆಸತೊಡಗಿದ ಮೇಲೆ ನನ್ನ ಬೈಕಿನ ಮೈಲೇಜ್ ಇಳಿದಿದೆ. ಎಥನಾಲನ್ನು ಹಾಗೇ ಸುರಿಯುವ ಬದಲು ಪೆಟ್ರೋಲಾಗಿ ಮಾರ್ಪಡಿಸಿ ಬೆರೆಸಬಾರದೇ? ವಿಜ್ಞಾನಿಗಳಿಗೆ ಇದು ಹೊಳೆದಿಲ್ಲವೇ?
– ಓದುಗರೊಬ್ಬರು, ಬೆಳಗಾವಿ ಜಿಲ್ಲೆ

ಸಂಪಾದಕರ ಉತ್ತರ: ಹೊಳೆದು ಐವತ್ತು ವರ್ಷವಾಯಿತು ಸ್ವಾಮಿ. ಮೊಬಿಲ್ ಕಂಪನಿಯ ಸಂಶೋಧಕರು 1970ರ ದಶಕದಲ್ಲೇ ಎಥನಾಲಿನ ಸೋದರ ಆಲ್ಕೋಹಾಲಾದ ಮೆಥನಾಲಿನಿಂದ ಪೆಟ್ರೋಲ್ ತೆಗೆದರು. ಎಥನಾಲಿಗೂ ಹೊಂದುವ ಅವರ ವೇಗವರ್ಧಕದ (ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕಾಗಿಸುವ ವಸ್ತು) ಹೆಸರು ಝಡ್‌ಎಸ್‌ಎಂ-5. ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕ ಸೇರಿದ ಈ ಹರಳಿನ ಮೈತುಂಬ ಅರ್ಧ ನ್ಯಾನೋಮೀಟರ್ ಅಗಲದ ಓಣಿಗಳು. 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಆಲ್ಕೋಹಾಲಿನ ಆವಿ ಒಳಹೊಕ್ಕರೆ ನೀರು ಕಳಚಿಕೊಂಡು, ಉಳಿದ ಇಂಗಾಲದ ತುಣುಕುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಓಣಿ ಇಕ್ಕಟ್ಟಾದ್ದರಿಂದ ಹತ್ತು ಇಂಗಾಲಕ್ಕಿಂತ ದೊಡ್ಡ ಅಣು ಈಚೆ ಬರುವುದು ಕಷ್ಟ. ಪೆಟ್ರೋಲಿಗೆ ಬೇಕಾದ್ದೂ ಅಷ್ಟೇ ಗಾತ್ರ!

ಒಂದು ತರಲೆ ಅಣು ಮಾತ್ರ ನುಸುಳಿ ಬರುತ್ತದೆ: ಡ್ಯೂರೀನ್. 79 ಡಿಗ್ರಿಗೆ ಕರಗುವ ಇದು ಚಳಿಯಲ್ಲಿ ಹರಳುಗಟ್ಟಿ ಕಾರ್ಬುರೇಟರನ್ನೇ ಕಟ್ಟಿಬಿಡಬಲ್ಲದು. ಅದನ್ನು ತಗ್ಗಿಸಲು ಪ್ರತ್ಯೇಕ ಸಂಸ್ಕರಣೆ ಬೇಕು.

ಇದು ಪ್ರಯೋಗಾಲಯದಲ್ಲೇ ಉಳಿದ ಸಂಗತಿಯೂ ಅಲ್ಲ. ನ್ಯೂಜಿಲೆಂಡಿನ ಮೋಟುನುಯಿಯಲ್ಲಿ 1980ರ ದಶಕದ ನಡುವೆ ಕಾರ್ಖಾನೆ ಶುರುವಾಗಿ, ಮಾವಿ ನಿಕ್ಷೇಪದ ಅನಿಲವನ್ನು ಮೆಥನಾಲ್ ಮಾಡಿ, ಅದರಿಂದ ದಿನಕ್ಕೆ ಸುಮಾರು 14,500 ಬ್ಯಾರೆಲ್ ಪೆಟ್ರೋಲ್ ತೆಗೆಯಿತು. ದೇಶದ ಬೇಡಿಕೆಯ ಮೂರನೇ ಒಂದು ಪಾಲು ಅದು. 1986ರಲ್ಲಿ ಕಚ್ಚಾತೈಲದ ಬೆಲೆ ಕುಸಿಯಿತು, ಲೆಕ್ಕಾಚಾರ ತಲೆಕೆಳಗಾಯಿತು. 1990ರ ದಶಕದಲ್ಲಿ ಪೆಟ್ರೋಲ್ ತಯಾರಿಕೆ ನಿಂತು, ಮೆಥನಾಲನ್ನೇ ಮಾರುವುದು ಲಾಭವೆನಿಸಿತು.

ಇನ್ನು ನಿಮ್ಮ ಬೈಕು. ಒಂದು ಲೀಟರ್ ಎಥನಾಲಿನ ಶಾಖ ಪೆಟ್ರೋಲಿನ ಮೂರನೇ ಎರಡರಷ್ಟು, ಹಾಗಾಗಿ 20% ಮಿಶ್ರಣದಲ್ಲಿ ಲೀಟರಿಗೆ ಸುಮಾರು 7% ಶಾಖ ಕಡಿಮೆ. ಅದೇ ಎಥನಾಲನ್ನು ಪೆಟ್ರೋಲ್ ಮಾಡಿದರೋ? 46 ಗ್ರಾಂನಲ್ಲಿ 18 ಗ್ರಾಂ ನೀರಾಗಿ ಹೋಗುತ್ತದೆ. ಲೀಟರ್ ಎಥನಾಲಿಗೆ, ಏನೂ ಪೋಲಾಗದಿದ್ದರೂ, 650 ಮಿಲಿಲೀಟರ್ ಚಿಲ್ಲರೆ ಪೆಟ್ರೋಲ್. ಒಟ್ಟು ಓಡುವ ದೂರ ಹೆಚ್ಚುಕಡಿಮೆ ಅಷ್ಟೇ! ಮೇಲೆ ಕುಲುಮೆಯ ಖರ್ಚು, ವೇಗವರ್ಧಕಕ್ಕೆ ಹಿಡಿದ ಮಸಿ ಸುಡುವ ಖರ್ಚು. ನೂರು ಮೀರುವ ಎಥನಾಲಿನ ಆಕ್ಟೇನೂ (ಎಂಜಿನ್ ಬಡಿತ ತಡೆಯುವ ಗುಣದ ಅಳತೆ) ಕೈತಪ್ಪುತ್ತದೆ. ಬಂಕಿನಲ್ಲಿ ಬೆಲೆ ಇಳಿಸದೆ ಶಾಖ ಕಡಿಮೆ ಕೊಡುವುದರ ಬಗ್ಗೆ ನಿಮ್ಮ ಸಿಟ್ಟು ನ್ಯಾಯವೇ, ಆದರೆ ಅದು ದರದ ಜಗಳ, ರಸಾಯನಶಾಸ್ತ್ರದ್ದಲ್ಲ.

ಈ ಖರ್ಚಿಗೆ ಅರ್ಥವಿರುವುದು ವಿಮಾನಕ್ಕೆ. ಜೆಟ್ ಇಂಧನಕ್ಕೆ ಎಥನಾಲನ್ನು ನೇರವಾಗಿ ಬೆರೆಸುವಂತಿಲ್ಲ. ನೀರು ಕಳೆದು ಎಥಿಲೀನ್ ಮಾಡಿ, ಅಣುಗಳನ್ನು ಪೋಣಿಸಿ, ಹೈಡ್ರೋಜನ್ ಸೇರಿಸಿದರೆ ಸೀಮೆಎಣ್ಣೆಯಂಥ ಇಂಧನ ಸಿಗುತ್ತದೆ. ಎಥನಾಲಿನಿಂದ ಹೀಗೆ ಮಾಡಿದ್ದನ್ನು 50% ತನಕ ಬೆರೆಸಲು 2018ರಲ್ಲೇ ಅಂತರರಾಷ್ಟ್ರೀಯ ಮಾನದಂಡ ಒಪ್ಪಿದೆ. ನಿಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳ ಕಾಕಂಬಿಗೆ ಮುಂದೆ ಆ ದಾರಿಯೂ ಇದೆ.