ಮಂಡ್ಯದ ಎಂಆರ್‌ಐ, ಮೈಸೂರಿನ ಎಂಆರ್‌ಐ: ಚಿತ್ರ ಯಾಕೆ ಬೇರೆ?

ಅಮ್ಮನ ಮೆದುಳಿನ ಎಂಆರ್‌ಐ ಮೊದಲು ಮಂಡ್ಯದಲ್ಲಿ, ಆರು ತಿಂಗಳ ಮೇಲೆ ಮೈಸೂರಿನಲ್ಲಿ ಮಾಡಿಸಿದಿರಿ. ಚಿತ್ರಗಳು ಬೇರೆ ಥರ ಇವೆ, ಕಾಯಿಲೆ ಜಾಸ್ತಿ ಆಯಿತಾ ಎಂದು ಕೇಳಿದ್ದೀರಿ. ಬರೀ ಚಿತ್ರ ಬೇರೆ ಕಂಡಿತು ಅಂತ ಹಾಗೆ ಹೇಳಲು ಬರುವುದಿಲ್ಲ.

ಸಿಟಿ ಸ್ಕ್ಯಾನ್‌ಗೆ ಚಿತ್ರದ ಕಪ್ಪು-ಬಿಳುಪನ್ನು ಅಳೆಯಲು ಒಂದು ನಿಗದಿತ ಅಳತೆ ಇದೆ. ನೀರು ಅಂದರೆ 0, ಗಾಳಿ ಅಂದರೆ ಮೈನಸ್ 1000. ಮಾಮೂಲಿ ಎಂಆರ್‌ಐ ಚಿತ್ರಕ್ಕೆ ಅಂಥದ್ದಿಲ್ಲ. ಒಂದು ಜಾಗ ಬೆಳ್ಳಗಿದೆಯಾ ಎಂಬುದನ್ನು ಅಕ್ಕಪಕ್ಕಕ್ಕೆ ಹೋಲಿಸಿಯೇ ಹೇಳಬೇಕು. ಆಯಸ್ಕಾಂತದ ಬಲ 1.5 ಟೆಸ್ಲಾನಾ 3 ಟೆಸ್ಲಾನಾ, ಸಿಗ್ನಲ್ ಹಿಡಿಯುವ ಕಾಯಿಲ್ ಯಾವುದು, ಸೆಟ್ಟಿಂಗ್ ಏನು, ಎಲ್ಲವೂ ಚಿತ್ರವನ್ನು ಬದಲಿಸುತ್ತವೆ.

ಜನ ಗಮನಿಸದೆ ಬಿಡುವುದು ಸ್ಲೈಸ್ ದಪ್ಪವನ್ನು, ಅಂದರೆ ಒಂದೊಂದು ಚಿತ್ರ ತೋರಿಸುವ ಪದರದ ದಪ್ಪವನ್ನು. 5 ಮಿ.ಮೀ. ಸ್ಲೈಸ್‌ನಲ್ಲಿ 2 ಮಿ.ಮೀ. ಚುಕ್ಕೆ ಸುತ್ತಲಿನ ಭಾಗದ ಜೊತೆ ಕಲೆತು ಮಸುಕಾಗಬಹುದು. 1 ಮಿ.ಮೀ. ಸ್ಲೈಸ್‌ನಲ್ಲಿ ಅದೇ ಚುಕ್ಕೆ ಎದ್ದು ಕಾಣಬಹುದು. ಆಗ 'ಹೊಸದು' ಅಂತ ಸುಮ್ನೆ ಗಾಬರಿಯಾಗುತ್ತೇವೆ, ಅಲ್ವಾ?

ಸಾಧ್ಯವಾದರೆ ಮುಂದಿನ ಸ್ಕ್ಯಾನ್ ಅದೇ ಯಂತ್ರದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ಮಾಡಿಸಿ. ಫಿಲ್ಮ್ ಒಂದೇ ಸಾಲದು, ಡೈಕಾಮ್ ಫೈಲ್ (ಸ್ಕ್ಯಾನಿನ ಮೂಲ ಡಿಜಿಟಲ್ ಚಿತ್ರ) ಇರುವ ಸಿಡಿಯನ್ನೂ ಕೇಳಿ ಪಡೆಯಿರಿ. ಈಗ ಮಂಡ್ಯದ ಸಿಡಿಯನ್ನು ಮೈಸೂರಿನ ರೇಡಿಯಾಲಜಿಸ್ಟ್‌ಗೆ ಕೊಟ್ಟು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ರಿಪೋರ್ಟ್ ಬರೆಯಲು ದಯವಿಟ್ಟು ಕೇಳಿ.