ಬಾಕ್ಸಿನ ವೈರಿಗೆ ಕರೆಂಟಿನ ಪ್ಲಗ್ ಹಾಕಬೇಡಿ

ಪ್ರಶ್ನೆ: ಸರ್, ನಮ್ಮದು ಮಳವಳ್ಳಿ ತಾಲ್ಲೂಕು. ಊರಿನ ಪೌರಾಣಿಕ ನಾಟಕಕ್ಕೆ, ಗಣೇಶನ ಹಬ್ಬಕ್ಕೆ ಬಾಡಿಗೆ ಸೌಂಡ್ ತಂದು ಸಾಕಾಗಿ, ಹುಡುಗರೆಲ್ಲ ಸೇರಿ ಹಳೇ ಪವರ್ ಆಂಪ್ಲಿಫೈಯರ್ ಒಂದು, 15 ಇಂಚಿನ ಬಾಕ್ಸ್ ನಾಲ್ಕು ಕೊಂಡಿದ್ದೇವೆ. ಆಂಪ್ಲಿಫೈಯರ್ ಹಿಂದೆ ‘ಸ್ಟೀರಿಯೊ: ಚಾನೆಲ್‌ಗೆ 8 ಓಮ್‌ನಲ್ಲಿ 500 ವ್ಯಾಟ್, 4 ಓಮ್‌ನಲ್ಲಿ 800 ವ್ಯಾಟ್. ಬ್ರಿಡ್ಜ್: 8 ಓಮ್‌ನಲ್ಲಿ 1600 ವ್ಯಾಟ್’ ಎಂದಿದೆ. ಬಾಕ್ಸ್ ಒಂದೊಂದೂ 8 ಓಮ್, 400 ವ್ಯಾಟ್. ಬ್ರಿಡ್ಜ್ ಮಾಡಿ (ಎರಡೂ ಚಾನೆಲ್ ಸೇರಿಸಿ ಒಂದು ಮಾಡಿ) ನಾಲ್ಕನ್ನೂ ಒಟ್ಟಿಗೆ ಹಾಕಿದರೆ ಡಬಲ್ ಸೌಂಡ್ ಬರುತ್ತೆ ಅಂತ ಒಬ್ಬರು ಹೇಳಿದರು. ಬಾಕ್ಸಿನ ವೈರಿಗೆ ಸ್ಪೀಕಾನ್ (ಸ್ಪೀಕರ್‌ಗೆಂದೇ ಇರುವ ಕನೆಕ್ಟರ್) ಯಾಕೆ, ತ್ರೀ ಪಿನ್ ಪ್ಲಗ್ ಸಾಕು ಅಂತಲೂ ಅವರೇ ಹೇಳಿದ್ದು. ಮಿಕ್ಸರ್ ಇಡುವ ಜಾಗದಿಂದ ವೇದಿಕೆಗೆ 30 ಮೀಟರ್ ಇದೆ. ಕನೆಕ್ಷನ್ ಹೇಗೆ ಕೊಡಬೇಕು?

ಉತ್ತರ: ಮೊದಲು ಆ ತ್ರೀ ಪಿನ್ ಪ್ಲಗ್ಗಿನ ಮಾತು ಮುಗಿಸೋಣ. ಮಂಡ್ಯದ ನನ್ನ ಅಂಗಡಿಗೆ ಸುಟ್ಟ ಸ್ಪೀಕರ್‌ಗಳು ಬರುತ್ತಲೇ ಇರುತ್ತವೆ. ಅವುಗಳಲ್ಲಿ ಈ ಪ್ಲಗ್ಗಿನಿಂದ ಸುಟ್ಟವನ್ನು ಬಿಚ್ಚುವಾಗ ಆಗುವಷ್ಟು ಸಂಕಟ ನನಗೆ ಬೇರೆ ಯಾವುದರಲ್ಲೂ ಆಗುವುದಿಲ್ಲ. ಕತ್ತಲಲ್ಲಿ, ಅವಸರದಲ್ಲಿ, ಶಾಮಿಯಾನದ ಕಂಬದ ಹತ್ತಿರ ಎರಡು ಎಕ್ಸ್‌ಟೆನ್ಷನ್ ಬೋರ್ಡ್ ಬಿದ್ದಿರುತ್ತವೆ. ಒಂದು ಬಾಕ್ಸಿನದು, ಇನ್ನೊಂದು ಕರೆಂಟಿನದು. ಯಾರೋ ಸಹಾಯಕ್ಕೆ ಬಂದ ಹುಡುಗ ಬಾಕ್ಸಿನ ಪ್ಲಗ್ಗನ್ನು 230 ವೋಲ್ಟಿಗೆ ಚುಚ್ಚುತ್ತಾನೆ. 8 ಓಮ್ ಬಾಕ್ಸಿಗೆ 230 ವೋಲ್ಟ್ ಎಂದರೆ ಲೆಕ್ಕದಲ್ಲಿ 6,600 ವ್ಯಾಟ್. ನಿಮ್ಮ 400 ವ್ಯಾಟಿನ ಕಾಯಿಲ್ ಕಣ್ಣು ಮಿಟುಕಿಸುವುದರೊಳಗೆ ಹೋಗುತ್ತದೆ, ಬೆಂಕಿಯೂ ಹತ್ತಬಹುದು. ಅದೇ ಕರೆಂಟು ಬಾಕ್ಸಿಂದ ಬಾಕ್ಸಿಗೆ ಹೋದ ವೈರಿನಲ್ಲಿ ಹರಿದು ಆಂಪ್ಲಿಫೈಯರಿನ ಔಟ್‌ಪುಟ್‌ಗೆ ನುಗ್ಗಿದರೆ ಅದೂ ಹೋಯಿತು. ಆ ವೈರು ಹಿಡಿದು ನಿಂತವನ ಗತಿ ಹೇಳಬೇಕೆ?

ಇನ್ನೊಂದು ಕಡೆಯಿಂದಲೂ ನೋಡಿ. ಬಾಕ್ಸಿನ ವೈರಿನಲ್ಲಿ ಹಾಡು ತಾನೇ ಹೋಗುವುದು, ಶಾಕ್ ಎಲ್ಲಿಂದ ಹೊಡೆಯುತ್ತೆ ಎಂದು ನಮ್ಮ ಕಡೆ ಬಹಳ ಜನ ನಂಬಿದ್ದಾರೆ. ನಿಮ್ಮ ಆಂಪ್ಲಿಫೈಯರ್ 4 ಓಮ್‌ಗೆ 800 ವ್ಯಾಟ್ ಕೊಡುವಾಗ ಅದರ ಬಾಯಲ್ಲಿ ಸುಮಾರು 57 ವೋಲ್ಟ್ ಇರುತ್ತದೆ. ಬ್ರಿಡ್ಜ್ ಮಾಡಿ 1600 ವ್ಯಾಟ್ ತೆಗೆದರೆ 113 ವೋಲ್ಟ್. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತವನಿಗೆ ಇದು ಸಣ್ಣ ಪೆಟ್ಟಲ್ಲ. ಸ್ಪೀಕಾನ್‌ನಲ್ಲಿ ಲೋಹ ಬೆರಳಿಗೆ ಸಿಗುವುದಿಲ್ಲ, ತಿರುಗಿಸಿ ಲಾಕ್ ಮಾಡಿದರೆ ಯಾರಾದರೂ ಎಡವಿದರೂ ಕಳಚುವುದಿಲ್ಲ, ಗೋಡೆಯ ಸಾಕೆಟ್‌ಗೆ ಕೂರುವುದೂ ಇಲ್ಲ. ಇದಕ್ಕೆ ಹಾಕುವ ದುಡ್ಡು ದುಂದಲ್ಲ.

ಸ್ಪೀಕಾನ್ ಒಳಗೆ 1+, 1−, 2+, 2− ಎಂದು ನಾಲ್ಕು ಗುರುತು ಇರುತ್ತವೆ. ನಿಮಗೆ ಬೇಕಾದ್ದು ಮೊದಲೆರಡೇ. ಕೆಂಪು 1+ಗೆ, ಕಪ್ಪು 1−ಗೆ. ಎಲ್ಲ ಬಾಕ್ಸಿಗೂ ಇದೇ ಕ್ರಮ ಇರಲಿ, ಒಂದರಲ್ಲಿ ತಿರುವುಮುರುವಾದರೆ ಬೇಸ್ ಸತ್ತಂತೆ ಕೇಳುತ್ತದೆ. ವೈರಿನ ತುದಿಗೆ ಸೀಸ ಹಾಕಿ ಸ್ಕ್ರೂ ಬಿಗಿಯಬೇಡಿ. ಸೀಸ ಮೆತ್ತಗೆ, ದಿನ ಕಳೆದಂತೆ ಒತ್ತಿಕೊಂಡು ಸಡಿಲವಾಗುತ್ತದೆ. ಎಳೆಗಳನ್ನು ಚೆನ್ನಾಗಿ ಹೊಸೆದು, ಒಂದು ಎಳೆಯೂ ಆಚೆ ಇಣುಕದಂತೆ ಬಿಗಿಯಿರಿ.

ಈಗ ಓಮ್ ಲೆಕ್ಕ. ಓಮ್ ಎಂದರೆ ಕರೆಂಟಿಗೆ ಬಾಕ್ಸ್ ಒಡ್ಡುವ ತಡೆ. ಬಾಕ್ಸಿಂದ ಬಾಕ್ಸಿಗೆ ವೈರ್ ಎಳೆದಂತೆಲ್ಲ ಓಮ್ ಇಳಿಯುತ್ತದೆ, ಆಂಪ್ಲಿಫೈಯರ್ ಮೇಲಿನ ಹೊರೆ ಏರುತ್ತದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಇನ್ನೊಂದು ತೂಬು ತೆಗೆದರೆ ನೀರಿನ ಸೆಳೆತ ಹೆಚ್ಚುವ ಹಾಗೆ. 8 ಓಮ್‌ನವು ಎರಡಾದರೆ 4, ನಾಲ್ಕಾದರೆ 2. ಬ್ರಿಡ್ಜ್‌ನಲ್ಲಿ ಎರಡೂ ಚಾನೆಲ್ ಒಂದೇ ಹೊರೆಯನ್ನು ಎರಡು ತುದಿಯಿಂದ ತಳ್ಳುವುದರಿಂದ ಒಂದೊಂದು ಚಾನೆಲ್‌ಗೆ ಅದರ ಅರ್ಧ ಓಮ್ ಮಾತ್ರ ಕಾಣುತ್ತದೆ. ನಾಲ್ಕು ಬಾಕ್ಸ್ ಹಾಕಿದರೆ 1 ಓಮ್! 4 ಓಮ್‌ವರೆಗೆ ಮಾತ್ರ ಬರೆದಿರುವ ಆಂಪ್ಲಿಫೈಯರಿಗೆ ಇದು ಶಾರ್ಟ್ ಮಾಡಿದ್ದಕ್ಕೆ ಸಮ.

ನೀವು ಸ್ಟೀರಿಯೊದಲ್ಲೇ ಇರಿ. ಒಂದು ಚಾನೆಲ್‌ಗೆ ಎರಡು ಬಾಕ್ಸ್, ಇನ್ನೊಂದಕ್ಕೆ ಎರಡು. ಆಗ ಚಾನೆಲ್‌ಗೆ 4 ಓಮ್, 800 ವ್ಯಾಟ್, ಬಾಕ್ಸಿಗೆ 400 ವ್ಯಾಟ್. ಅಳೆದು ಹೊಲಿಸಿದ ಹಾಗಿದೆ ನಿಮ್ಮ ಜೋಡಿ. ಎರಡೆರಡನ್ನು ಸೀರೀಸ್ ಮಾಡಿ (ಒಂದರ ಹಿಂದೊಂದು ಸೇರಿಸಿ), ಆ ಎರಡು ಜೋಡಿಯನ್ನು ಒಟ್ಟಿಗೆ ಹಾಕಿ ಒಟ್ಟು 8 ಓಮ್ ಬರಿಸಿ ಬ್ರಿಡ್ಜ್ ಮಾಡಿದರೂ 1600 ವ್ಯಾಟ್ ನಾಲ್ಕಕ್ಕೆ ಹಂಚಿ ಅದೇ 400. ಡಬಲ್ ಸೌಂಡ್ ಎಲ್ಲಿಂದ ಬಂತು? ವೈರಿನಲ್ಲಿ 113 ವೋಲ್ಟ್ ಬಂತು ಅಷ್ಟೇ. ಹಳೇ ಬಾಕ್ಸ್ ಆದ್ದರಿಂದ ಮೊದಲು ಮೀಟರ್ ಹಿಡಿದು ನೋಡಿ. 8 ಓಮ್ ಬಾಕ್ಸ್ ಮೀಟರಿನಲ್ಲಿ 6ರ ಆಸುಪಾಸು ತೋರಿಸುತ್ತದೆ, ಅದು ಸರಿಯೇ. 3 ತೋರಿಸಿದರೆ ಅದು 4 ಓಮ್ ಬಾಕ್ಸ್, ಲೇಬಲ್ ಏನೇ ಹೇಳಲಿ.

30 ಮೀಟರ್ ದೂರಕ್ಕೆ ಕೆಂಪು-ಕಪ್ಪು ಸಣ್ಣ ವೈರ್ ಬೇಡ. ಹೋಗಿಬರುವ ದಾರಿ 60 ಮೀಟರ್. 0.75 ಸ್ಕ್ವೇರ್ ಎಂಎಂ ವೈರಿನಲ್ಲಿ ಅದೇ ಒಂದೂವರೆ ಓಮ್ ಆಗುತ್ತದೆ, 4 ಓಮ್ ಹೊರೆಗೆ ಹೋಗಬೇಕಾದ ಪವರಿನಲ್ಲಿ ಹತ್ತಿರ ಹತ್ತಿರ ಅರ್ಧ ಕೈಬಿಟ್ಟಂತೆ. 2.5 ಸ್ಕ್ವೇರ್ ಎಂಎಂ ಆದರೆ ಅರ್ಧ ಓಮ್ ಒಳಗೇ. ಅದಕ್ಕಿಂತ ಒಳ್ಳೆಯದು, ಆಂಪ್ಲಿಫೈಯರನ್ನೇ ವೇದಿಕೆಯ ಪಕ್ಕ ಇಟ್ಟು, ಮಿಕ್ಸರಿಂದ ಎಕ್ಸ್‌ಎಲ್‌ಆರ್ ಕೇಬಲ್ (ಮೈಕಿಗೆ ಹಾಕುವ ಮೂರು ಪಿನ್ನಿನದು) ಎಳೆಯಿರಿ. ಗಿಟಾರಿಗೆ ಹಾಕುವ ಶೀಲ್ಡ್ ವೈರನ್ನು ಬಾಕ್ಸಿಗೆ ಹಾಕಬೇಡಿ.

ಕನೆಕ್ಷನ್ ಕೊಡುವಾಗ ಆಂಪ್ಲಿಫೈಯರ್ ಆಫ್ ಇರಬೇಕು. ಮಿಕ್ಸರ್ ಮೊದಲು ಆನ್, ಆಂಪ್ಲಿಫೈಯರ್ ಕೊನೆಗೆ. ಆಫ್ ಮಾಡುವಾಗ ಆಂಪ್ಲಿಫೈಯರ್ ಮೊದಲು. ರಾತ್ರಿಯಿಡೀ ನಡೆಯುವ ನಾಟಕದಲ್ಲಿ ಕರೆಂಟ್ ಹೋಗುವುದು ಮಾಮೂಲಿ. ಹೋದ ಕೂಡಲೇ ಆಂಪ್ಲಿಫೈಯರ್ ಸ್ವಿಚ್ ಆಫ್ ಮಾಡಿ, ಜನರೇಟರ್ ಶುರುವಾಗಿ ಹದಕ್ಕೆ ಬಂದ ಮೇಲೆ 230ರ ಆಸುಪಾಸು ಇದೆಯೇ ಎಂದು ಮೀಟರಿನಲ್ಲಿ ನೋಡಿ, ಆಮೇಲೆ ಹಾಕಿ. ನ್ಯೂಟ್ರಲ್ ಸಡಿಲವಾದ ತ್ರೀ ಫೇಸ್ ಜನರೇಟರ್ 300 ವೋಲ್ಟ್ ದಾಟಿಸಬಲ್ಲದು. ಹಮ್ (ಗುಂಯ್ ಎನ್ನುವ ಸದ್ದು) ಬರುತ್ತದೆಂದು ಅರ್ತ್ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಮೈಕ್ ಹಿಡಿದ ಪಾತ್ರಧಾರಿಯ ಜೀವ ಅದರಲ್ಲಿದೆ.

ಪ್ರಶ್ನೆ: ಮೈಸೂರಿನ ನಮ್ಮ ಭಜನಾ ಮಂಡಳಿಯಲ್ಲಿ ಹಾರ್ನ್ ಓಡಿಸುವ ಮೈಕ್‌ಸೆಟ್ ಆಂಪ್ಲಿಫೈಯರ್ ಇದೆ. ಅದರ 100 ವೋಲ್ಟ್ ಲೈನಿಗೆ ಒಂದು 8 ಓಮ್ ಬಾಕ್ಸ್ ಸೇರಿಸಬಹುದೇ?

ಉತ್ತರ: ನೇರವಾಗಿ ಸೇರಿಸುವಂತಿಲ್ಲ. ಲೈನಿನ ಹಾರ್ನ್‌ಗಳಿಗೆ ಆ 100 ವೋಲ್ಟನ್ನು ಇಳಿಸಿಕೊಡುವ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದಿಲ್ಲದ 8 ಓಮ್ ಬಾಕ್ಸ್ ಅದೇ ಲೈನಿನಿಂದ 1250 ವ್ಯಾಟ್ ಎಳೆಯಲು ಹೋಗುತ್ತದೆ, ನಿಮ್ಮ ಆಂಪ್ಲಿಫೈಯರಿಗೆ ಅಷ್ಟು ತ್ರಾಣವಿರುವುದಿಲ್ಲ. ಬಾಕ್ಸಿಗೆ ಲೈನ್ ಟ್ರಾನ್ಸ್‌ಫಾರ್ಮರ್ ಹಾಕಿಸಿ. ಆಮೇಲೆ ಲೆಕ್ಕ ಓಮ್‌ನಲ್ಲಲ್ಲ, ವ್ಯಾಟ್‌ನಲ್ಲಿ: ಹಾರ್ನ್, ಬಾಕ್ಸ್ ಎಲ್ಲದರ ಟ್ರಾನ್ಸ್‌ಫಾರ್ಮರ್ ವ್ಯಾಟ್ ಕೂಡಿದರೆ ಆಂಪ್ಲಿಫೈಯರಿನ ವ್ಯಾಟ್ ಮೀರಬಾರದು. 100 ವೋಲ್ಟ್ ಟರ್ಮಿನಲ್ ಬಳಸುವಾಗ ಪಕ್ಕದ 8 ಓಮ್ ಟರ್ಮಿನಲ್‌ಗೆ ಏನನ್ನೂ ಹಾಕಬೇಡಿ.